ಗೋಡೆ ಮೇಲಿನ ‘ನಾಳೆ ಬಾ’: ಗಂಡಸರು ಬಾಗಿಲು ಹಾಕಿಕೊಂಡ ಕಥೆ

ಈಗ ನಲವತ್ತು ದಾಟಿದವರಿಗೆ ‘ನಾಳೆ ಬಾ’ ಅಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಿಡಿದು ಹಳ್ಳಿಗಳವರೆಗೆ ಮನೆ ಬಾಗಿಲ ಮೇಲೆ, ಗೋಡೆ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ಬರೆದಿದ್ದ ಎರಡು ಪದ ಅವು. ರಾತ್ರಿ ಹೊತ್ತು ಒಂದು ಹೆಣ್ಣುದೆವ್ವ ಬರುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬುದು ಸುದ್ದಿ. ಇನ್ನು ಕೆಲವರು ಹೇಳುತ್ತಿದ್ದುದು ಬೇರೆ: ಅವಳು ಮದುಮಗಳು, ಗಂಡನನ್ನು ಹುಡುಕುತ್ತಿದ್ದಾಳೆ, ಮನೆಯ ಗಂಡಸನ್ನೇ ಕರೆದೊಯ್ಯುತ್ತಾಳೆ.

ಅದಕ್ಕೆ ಜನ ಕಂಡುಕೊಂಡ ಮದ್ದು ‘ನಾಳೆ ಬಾ’. ದೆವ್ವ ಬರುತ್ತದೆ, ಓದುತ್ತದೆ, ವಾಪಸ್ ಹೋಗುತ್ತದೆ. ಮಾರನೇ ರಾತ್ರಿ ಬಂದರೆ ಮತ್ತೆ ಅದೇ ಬರಹ. ಅಂಗಡಿಯಲ್ಲಿ ‘ಇಂದು ನಗದು, ನಾಳೆ ಸಾಲ’ ಎಂದು ಬೋರ್ಡ್ ಹಾಕುವವರ ಬುದ್ಧಿಯೇ ಇದು. ಕಚೇರಿಗಳಿಗೆ ಅಲೆದವರಿಗೂ ಈ ಉಪಾಯ ಹೊಸದೇನಲ್ಲ.

ಇದರಲ್ಲಿ ಯಾರೂ ಗಮನಿಸದ ಒಂದು ತಮಾಷೆ ಇದೆ. 1991ರ ಜನಗಣತಿ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಓದು ಬರಹ ಬರುತ್ತಿದ್ದುದು ನೂರಕ್ಕೆ ಸುಮಾರು 44 ಮಂದಿಗೆ. ಗಂಡಸರಲ್ಲಿ 67 ಮಂದಿಗೆ. ಅಂದರೆ ಮನೆಯೊಳಗಿದ್ದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಓದಲು ಬಾರದ ಬರಹವನ್ನು ಹೊರಗೆ ನಿಂತ ದೆವ್ವ ಓದಿಕೊಂಡು, ಹೇಳಿದ ಮಾತು ಕೇಳಿಕೊಂಡು ಹೋಗುತ್ತಿತ್ತು!

ಅಟ್ಟದ ಸದ್ದು, ಬಾವಿಯ ಮೋಹಿನಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ದೆವ್ವಕ್ಕೆ ಜಾಗ ಹುಡುಕಬೇಕಿಲ್ಲ. ಉಂಡೆ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಕಾಯಿ ಅಲುಗಿದರೆ ಲೊಡಲೊಡ ಎನ್ನುತ್ತದೆ. ನಡುರಾತ್ರಿ ಇಲಿ ಓಡಿ ನಾಲ್ಕು ಕಾಯಿ ಉರುಳಿದರೆ ಗಟ್ಟಿ ಎದೆಯವರೂ ಎದ್ದು ಕೂರುತ್ತಾರೆ. ಹೊರಗೆ ತೋಟದಲ್ಲಿ ಒಣಗಿದ ಗರಿ ಬಿದ್ದರೆ ಯಾರೋ ಧೊಪ್ಪನೆ ಹಾರಿದ ಹಾಗೆ.

ಆದರೆ ನಮ್ಮ ಕಥೆಗಳಲ್ಲಿ ಈ ದೆವ್ವ ಬಹುಪಾಲು ಹೆಣ್ಣೇ. ಬಾವಿಗೆ ಬಿದ್ದವಳು, ಬಾಣಂತಿಯಾಗಿ ಸತ್ತವಳು, ಮದುವೆಯಾದ ಹೊಸತರಲ್ಲೇ ಹೋದವಳು ಮೋಹಿನಿ ಆಗುತ್ತಾಳೆ. ಅವಳ ಉದ್ದ ಕೂದಲು, ಬಿಳಿ ಸೀರೆ, ಗೆಜ್ಜೆಯನ್ನು ಎಲ್ಲರೂ ವರ್ಣಿಸುತ್ತಾರೆ. ಬಾವಿಗೆ ಯಾಕೆ ಬಿದ್ದಳು, ಮನೆಯಲ್ಲಿ ಏನಾಗಿತ್ತು ಎಂದು ಕಥೆ ಹೇಳುವವರೂ ಕೇಳುವವರೂ ಹೆಚ್ಚು ಕೆದಕುವುದಿಲ್ಲ. ಗಂಡ ಮತ್ತು ಅವನ ಮನೆಯವರು ಕೊಡುವ ಹಿಂಸೆಯನ್ನು ಬೇರೆಯೇ ಅಪರಾಧ ಎಂದು ಹೇಳುವ 498ಎ ಕಲಂ ಕಾನೂನಿಗೆ ಸೇರಿದ್ದು 1983ರಲ್ಲಿ. ವರದಕ್ಷಿಣೆ ಸಾವಿನ 304ಬಿ ಬಂದದ್ದು 1986ರಲ್ಲಿ. ಅಲ್ಲಿಯವರೆಗೆ ಅಂಥ ಎಷ್ಟೋ ಸಾವುಗಳಿಗೆ ಉಳಿದಿದ್ದ ದಾಖಲೆ ಈ ದೆವ್ವದ ಕಥೆಗಳು ಮಾತ್ರ.

ಇನ್ನೊಂದು ಮಾತು. ಮೋಹಿನಿಯ ಹೆಸರು ಹೇಳಿ ನಿಯಮ ಹೇರಿದ್ದು ಮಾತ್ರ ಬದುಕಿರುವ ಹೆಣ್ಣುಮಕ್ಕಳ ಮೇಲೆ. ಸಂಜೆ ಮೇಲೆ ತೋಟಕ್ಕೆ ಹೋಗಬೇಡ, ಹೂ ಮುಡಿದು ಹಳ್ಳ ದಾಟಬೇಡ, ಕೂದಲು ಬಿಟ್ಟುಕೊಂಡು ತಿರುಗಬೇಡ, ಗಾಳಿ ಸೋಕುತ್ತದೆ. ‘ನಾಳೆ ಬಾ’ ಬಂದಾಗ ಇದು ತಲೆಕೆಳಗಾಯಿತು. ಕದ ತಟ್ಟಿದರೆ ಎದ್ದು ಹೋಗಲು ಗಂಡಸರೂ ಹಿಂಜರಿದರು.

ಪಕ್ಕದ ಸೀಮೆ, ದೂರದ ದೇಶ

ಈ ಭಯ ನಮ್ಮದೊಂದೇ ಅಲ್ಲ. ಆಂಧ್ರದ ಕಡೆ ಗೋಡೆಗಳ ಮೇಲೆ ‘ಓ ಸ್ತ್ರೀ ರೇಪು ರಾ’ ಎಂದು ಬರೆಯುತ್ತಿದ್ದರು. ಅದರ ಅರ್ಥವೂ ‘ಓ ಹೆಣ್ಣೇ, ನಾಳೆ ಬಾ’ ಎಂದೇ. ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗಳಲ್ಲಿ 1990ರಲ್ಲಿ ‘ವಿಧವೆ ದೆವ್ವ’ದ ಸುದ್ದಿ ಹಬ್ಬಿತು. ದುಡಿಯಲು ಸಿಂಗಪುರಕ್ಕೆ ಹೋದ ಗಟ್ಟಿಮುಟ್ಟಾದ ಯುವಕರು ಮಲಗಿದಲ್ಲೇ ಸಾಯುತ್ತಿದ್ದ ಕಾಲ ಅದು. ದೆವ್ವವನ್ನು ಮೋಸಗೊಳಿಸಲು ಗಂಡಸರು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಂಡು ಮಲಗಿದರು. ಹೃದಯದ ಬಡಿತ ತಪ್ಪಿಸುವ ವಂಶವಾಹಿ ಕಾಯಿಲೆಯೊಂದು ಇಂಥ ಸಾವುಗಳಿಗೆ ಕಾರಣ ಎಂದು ವೈದ್ಯರು ಆಮೇಲೆ ಗುರುತಿಸಿದರು. ಅಲ್ಲಿಯವರೆಗೆ ಹೆಣ್ಣಿನ ವೇಷವೇ ಗಂಡಸರಿಗೆ ಕಾವಲು.

ನಗಿಸುತ್ತಲೇ ಬುದ್ಧಿ ಹೇಳಿದವರು

ಹೆಣ್ಣಿನ ಹಿಂದೆ ಬಿದ್ದ ಗಂಡಸನ್ನು ನಗೆಪಾಟಲು ಮಾಡುವುದು ನಮ್ಮ ಜಿಲ್ಲೆಗೆ ಹಳೆಯ ಅಭ್ಯಾಸ. ತಿಪಟೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಗುಬ್ಬಿ ದಾಟಿಯೇ ಹೋಗುತ್ತದೆ. ಅಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರಾಂತ ನಾಟಕ ‘ಸದಾರಮೆ’. ಸದಾರಮೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಕಣ್ಣು ಹಾಕುತ್ತಾರೆ. ಅವಳು ಬುದ್ಧಿಯಿಂದಲೇ ಪಾರಾಗುತ್ತಾಳೆ, ಗಂಡುವೇಷವನ್ನೂ ಹಾಕುತ್ತಾಳೆ. ಅವಳನ್ನು ಹೊತ್ತೊಯ್ಯುವ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣ ಜನರನ್ನು ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದರು. 1935ರಲ್ಲಿ ‘ಸದಾರಮೆ’ ಸಿನಿಮಾವೂ ಆಯಿತು.

ಸದಾರಮೆಯಲ್ಲಿ ದೆವ್ವವಿಲ್ಲ. ಅದ್ಭುತವೂ ಬೆರೆತ ಕಥೆ ಬೇಕಾದರೆ ಗಿರೀಶ ಕಾರ್ನಾಡರ ‘ನಾಗಮಂಡಲ’ ಇದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಇಟ್ಟುಕೊಂಡು ಕಾರ್ನಾಡರು ಬರೆದ ನಾಟಕ ಇದು. ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ, ಬೀಗ ಜಡಿದು, ಅಪ್ಪಣ್ಣ ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ರಾತ್ರಿ ನಾಗರಹಾವು ಅಪ್ಪಣ್ಣನ ರೂಪದಲ್ಲಿ ಬಂದು ರಾಣಿಗೆ ಪ್ರೀತಿ ಕೊಡುತ್ತದೆ. ಅವಳು ಬಸುರಿಯಾದಾಗ, ಊರೂರು ಸುತ್ತಿದ ಗಂಡ ಅವಳನ್ನೇ ಪಂಚಾಯ್ತಿಗೆ ಎಳೆಯುತ್ತಾನೆ. ಅವಳು ಹಾವನ್ನು ಹಿಡಿದು ಆಣೆ ಮಾಡಿ ಗೆದ್ದು, ಊರಿಗೆ ದೇವಿಯಾಗುತ್ತಾಳೆ. ಆಮೇಲೆ ಅಪ್ಪಣ್ಣ ತಲೆ ಬಾಗಿಸುತ್ತಾನೆ. 1997ರಲ್ಲಿ ಟಿ.ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದರು.

ನಮ್ಮ ಗೋಡೆಯಿಂದ ಹಿಂದಿ ತೆರೆಗೆ

2018ರ ಆಗಸ್ಟ್ 31ರಂದು ಬಿಡುಗಡೆಯಾದ ಹಿಂದಿಯ ‘ಸ್ತ್ರೀ’ ಚಿತ್ರಕ್ಕೆ ಪ್ರೇರಣೆ ನಮ್ಮ ‘ನಾಳೆ ಬಾ’. ಅಮರ್ ಕೌಶಿಕ್ ನಿರ್ದೇಶನ, ರಾಜ್‌ಕುಮಾರ್ ರಾವ್ ಮತ್ತು ಶ್ರದ್ಧಾ ಕಪೂರ್ ಅಭಿನಯ. ಕಥೆ ನಡೆಯುವುದು ಮಧ್ಯಪ್ರದೇಶದ ಚಂದೇರಿಯಲ್ಲಿ. ವರ್ಷಕ್ಕೊಮ್ಮೆ ಜಾತ್ರೆಯ ನಾಲ್ಕು ರಾತ್ರಿ ಸ್ತ್ರೀ ಬಂದು ಗಂಡಸರನ್ನು ಎಳೆದೊಯ್ಯುತ್ತಾಳೆ, ಬಟ್ಟೆ ಮಾತ್ರ ಉಳಿಯುತ್ತದೆ. ಒಬ್ಬನೇ ಓಡಾಡಬೇಡ, ಯಾರಾದರೂ ಕರೆದರೆ ತಿರುಗಿ ನೋಡಬೇಡ ಎಂದು ಗಂಡಸರಿಗೆ ಬುದ್ಧಿ ಹೇಳುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ದಿನಾ ಹೇಳುವ ಮಾತುಗಳೇ ಇವು. ಗಂಡಸರ ಕಿವಿಗೆ ಬಿದ್ದಾಗ ಥಿಯೇಟರ್ ಪೂರ್ತಿ ನಗುತ್ತದೆ.

ಆ ದೆವ್ವವೂ ಒಂದು ಕಾಲಕ್ಕೆ ಊರಿನ ಗಂಡಸರೆಲ್ಲ ಆಸೆಪಟ್ಟ ಹೆಣ್ಣು. ಅವಳನ್ನು ನಿಜವಾಗಿ ಪ್ರೀತಿಸಿದವನೊಬ್ಬ ಸಿಕ್ಕಿ ಮದುವೆಯಾದಾಗ ಊರವರು ಇಬ್ಬರನ್ನೂ ಕೊಂದರು. ಅವಳು ಬಯಸುತ್ತಿದ್ದುದು ಪ್ರೀತಿ ಮತ್ತು ಮರ್ಯಾದೆ ಎಂದು ಕೊನೆಗೆ ಗೊತ್ತಾಗುತ್ತದೆ. ‘ನಾಳೆ ಬಾ’ ಎಂದಿದ್ದ ಊರು ಆಮೇಲೆ ‘ನಮ್ಮನ್ನು ಕಾಪಾಡು’ ಎಂದು ಬರೆಯುತ್ತದೆ.

ನಮಗೆ ಇಲ್ಲೇ ಒಂದು ತಕರಾರು. ಅಪ್ಪಣ್ಣ ತಲೆಬಾಗಿದ್ದು ಹೆಂಡತಿ ದೇವಿಯಾದ ಮೇಲೆ. ಚಂದೇರಿಯವರು ಬದಲಾದದ್ದು ದೆವ್ವಕ್ಕೆ ಹೆದರಿದ ಮೇಲೆ. ದೇವಿಯೂ ಅಲ್ಲದ, ದೆವ್ವವೂ ಅಲ್ಲದ ಹೆಣ್ಣಿಗೆ ಮರ್ಯಾದೆ ಯಾವಾಗ? ಬೆಳಿಗ್ಗೆ ತುರುವೇಕೆರೆ ಕಡೆಯಿಂದ ತಿಪಟೂರಿಗೆ ಕಾಲೇಜಿಗೆ ಹೊರಡುವ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅವಳ ಹತ್ತಿರ ಹಾವೂ ಇರುವುದಿಲ್ಲ, ಮಂತ್ರವೂ ಇರುವುದಿಲ್ಲ. ಹಿಂದೆ ಬಿದ್ದು ಕಾಡುವುದನ್ನು ಕಾನೂನು 2013ರಲ್ಲೇ ಅಪರಾಧ ಮಾಡಿದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಅದೇ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಆಗಬಹುದು. 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಆದರೆ ಅದೂ ಹೆದರಿಕೆಯ ದಾರಿಯೇ. ಯಾರೂ ನೋಡದಾಗಲೂ ಕಣ್ಣು ತಗ್ಗಿಸಿ ದಾರಿ ಬಿಡುವುದನ್ನು ಮನೆಯಲ್ಲೇ, ಗಂಡುಮಕ್ಕಳಿಗೇ ಕಲಿಸಬೇಕು. ಅದನ್ನು ನಾವು ಇನ್ನೂ ನಾಳೆ, ನಾಳೆ ಎಂದೇ ತಳ್ಳುತ್ತಿದ್ದೇವೆ.

ನಿಮ್ಮೂರಿನ ಗೋಡೆಗಳ ಮೇಲೆ ‘ನಾಳೆ ಬಾ’ ಇತ್ತೇ? ಬರೆದವರು ಯಾರು, ಕಥೆ ಹೇಗಿತ್ತು? ಮನೆಯ ಅಜ್ಜಿಯರನ್ನು ಕೇಳಿ ನಮಗೆ ಬರೆಯಿರಿ. ಆ ದೆವ್ವ ಬದುಕಿದ್ದಾಗ ಅವಳ ಹೆಸರೇನಿತ್ತು ಎಂಬುದನ್ನೂ ಮರೆಯದೆ ಕೇಳಿ.