ಸಣ್ಣಕರುಳನ್ನು ಕಂಡ ಕ್ಯಾಪ್ಸೂಲ್

ಕರುಳಿನಲ್ಲಿ ದಿನಕ್ಕೆ 5 ಮಿಲಿಲೀಟರ್ ರಕ್ತ ಸೋರಿದರೆ ಹೊಟ್ಟೆ ನೋಯಬೇಕೆಂದಿಲ್ಲ, ಮಲದ ಬಣ್ಣವೂ ಬದಲಾಗುವುದಿಲ್ಲ. ಆದರೆ ಪ್ರತಿ ಮಿಲಿಲೀಟರ್ ರಕ್ತದೊಂದಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೊರಟುಹೋಗುತ್ತದೆ. ಊಟದಿಂದ ದೇಹಕ್ಕೆ ದಕ್ಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಖರ್ಚು ಹೀಗೆ ತಿಂಗಳುಗಟ್ಟಲೆ ಮೀರಿದಾಗ ರಕ್ತಹೀನತೆ ಬರುತ್ತದೆ.

ಸೋರಿಕೆಯ ಮೂಲವನ್ನು ಹುಡುಕುವ ಕೆಲಸ ಹಳೆಯದು. ಕರುಳಿನ ಗೋಡೆ ಕಚ್ಚಿ ರಕ್ತ ಹೀರುವ ಕೊಕ್ಕೆಹುಳುವನ್ನು ಇಟಲಿಯ ವೈದ್ಯ ಆಂಜೆಲೊ ದುಬಿನಿ 1838ರಲ್ಲಿ ಮಿಲಾನ್‌ನಲ್ಲಿ ಶವಪರೀಕ್ಷೆಯೊಂದರಲ್ಲಿ ಕಂಡಿದ್ದ. 1880ರ ಹೊತ್ತಿಗೆ ಆಲ್ಪ್ಸ್‌ನ ಗೋಥಾರ್ಡ್ ಸುರಂಗದ ಕೂಲಿಕಾರರು ಬಿಳಿಚಿಕೊಂಡು ಕುಸಿಯತೊಡಗಿದಾಗ ಅದೇ ಹುಳು ಕಾರಣವೆಂದು ಗೊತ್ತಾಯಿತು. ಹುಳುವಿನ ಮೊಟ್ಟೆ ಮಲದಲ್ಲಿ ಸಿಗುತ್ತದೆ; ಹುಣ್ಣು, ಗಡ್ಡೆ, ಸವೆದ ರಕ್ತನಾಳಗಳು ಅಂಥ ಸುಳಿವು ಕೊಡುವುದಿಲ್ಲ. ಅವನ್ನು ಕಣ್ಣಾರೆ ನೋಡಬೇಕು.

ಬೇಸಿಲ್ ಹಿರ್ಶೋವಿಟ್ಸ್ 1957ರಲ್ಲಿ ಅಮೆರಿಕದಲ್ಲಿ ಬಾಗುವ ಎಂಡೋಸ್ಕೋಪ್ ಬಳಸಿ ತೋರಿಸಿದ ಮೇಲೆ ಜಠರದ ಒಳಗೋಡೆ ಸಲೀಸಾಗಿ ಕಾಣತೊಡಗಿತು. ಮುಂದೆ ಕೊಲನೋಸ್ಕೋಪ್ ದೊಡ್ಡಕರುಳನ್ನು ತೋರಿಸಿತು. ನಡುವೆ ಸುತ್ತಿಕೊಂಡಿರುವ ಸುಮಾರು 6 ಮೀಟರ್ ಸಣ್ಣಕರುಳಿಗೆ ಮಾತ್ರ ಎರಡೂ ತಲುಪಲಿಲ್ಲ. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಚಪ್ಪಟೆಯಾದ ರಕ್ತನಾಳದ ಕಲೆಗಳು ಮೂಡುತ್ತಿರಲಿಲ್ಲ. ಕಡೆಗೆ ಹೊಟ್ಟೆ ಕೊಯ್ದು ನೋಡುವುದೇ ದಾರಿಯಾಗುತ್ತಿತ್ತು.

ಈ ಸಮಸ್ಯೆಯನ್ನು ಬಗೆಹರಿಸಿದವನು ವೈದ್ಯನಲ್ಲ, ಇಸ್ರೇಲಿನ ರಕ್ಷಣಾ ಸಂಸ್ಥೆಯೊಂದರಲ್ಲಿದ್ದ, ಕ್ಷಿಪಣಿಗಳ ಕ್ಯಾಮೆರಾ ತಂತ್ರಜ್ಞಾನ ಬಲ್ಲ ಎಂಜಿನಿಯರ್ ಗೇವ್ರಿಯೆಲ್ ಇಡ್ಡನ್. 1981ರಲ್ಲಿ ಬಾಸ್ಟನ್‌ನಲ್ಲಿದ್ದಾಗ ಜಠರರೋಗ ತಜ್ಞ ಐತಾನ್ ಸ್ಕಾಪಾ ಅವನ ಮುಂದೆ ಈ ತೊಡಕನ್ನು ಬಿಚ್ಚಿಟ್ಟ. ನುಂಗುವ ಕ್ಯಾಮೆರಾದ ಯೋಚನೆ ಹುಟ್ಟಿದರೂ ಅದಕ್ಕೆ ತಕ್ಕ ಬಿಡಿಭಾಗಗಳಿರಲಿಲ್ಲ. 1990ರ ದಶಕದಲ್ಲಿ ಕಡಿಮೆ ವಿದ್ಯುತ್ತಿನಲ್ಲಿ ಚಿತ್ರ ಹಿಡಿಯುವ ಸಿಮಾಸ್ (CMOS) ಸಂವೇದಕಗಳು ಬಂದವು. ಲಂಡನ್‌ನಲ್ಲಿ ವೈದ್ಯ ಪಾಲ್ ಸ್ವೇನ್ ತನ್ನಷ್ಟಕ್ಕೆ ಇದೇ ಜಾಡಿನಲ್ಲಿದ್ದ, ಇಬ್ಬರೂ ಕೈಜೋಡಿಸಿದರು. 1999ರಲ್ಲಿ ಸ್ವೇನ್ ತಾನೇ ಕ್ಯಾಪ್ಸೂಲ್ ನುಂಗಿದ. 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು, ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಆ ಕ್ಯಾಪ್ಸೂಲ್ 11 ಮಿಲಿಮೀಟರ್ ದಪ್ಪ, 26 ಮಿಲಿಮೀಟರ್ ಉದ್ದ. ಸೆಕೆಂಡಿಗೆ 2 ಚಿತ್ರದಂತೆ ಸುಮಾರು 8 ಗಂಟೆ ತೆಗೆದ 50,000ಕ್ಕೂ ಹೆಚ್ಚು ಚಿತ್ರಗಳನ್ನು ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ಕಳಿಸಿ, ಕೊನೆಗೆ ಮಲದೊಂದಿಗೆ ಹೊರಬೀಳುತ್ತದೆ. ವಯಸ್ಸಾದವರ ಕರುಳಿನಲ್ಲಿ ಹಿಗ್ಗಿದ ರಕ್ತನಾಳಗಳು, ನೋವಿನ ಮಾತ್ರೆಗಳಿಂದಾದ ಹುಣ್ಣುಗಳು, ಕ್ರೋನ್ ಕಾಯಿಲೆ, ಗಡ್ಡೆಗಳು ಇದರಿಂದ ಬೆಳಕಿಗೆ ಬಂದವು. ರಕ್ತ ಸೋರದಿದ್ದರೂ ಕಬ್ಬಿಣ ಹೀರಲಾರದ ಸೀಲಿಯಾಕ್ ಕಾಯಿಲೆಯ ಕರುಳಿನ ಗುರುತೂ ಸಿಕ್ಕಿತು. ಗೋಡೆ ಕಚ್ಚಿಕೊಂಡ ಜೀವಂತ ಕೊಕ್ಕೆಹುಳುಗಳನ್ನೂ ವೈದ್ಯರು ಪರದೆಯ ಮೇಲೆ ಕಂಡರು.

ಅದು ನೋಡುವ ಸಾಧನವೇ ಹೊರತು ಕೈ ಅಲ್ಲ. ಚೂರು ಕತ್ತರಿಸಿ ಪರೀಕ್ಷೆಗೆ ತರಲಾರದು, ಸೋರಿಕೆ ನಿಲ್ಲಿಸಲಾರದು. ಕರುಳು ಕಿರಿದಾದಲ್ಲಿ ಸಿಕ್ಕಿಹಾಕಿಕೊಳ್ಳಲೂಬಹುದು. ಕರುಳನ್ನು ಕಿರಿದಾಗಿಸುವ ಕ್ಷಯ ಕಾಣಸಿಗುವ ಭಾರತದಲ್ಲಿ ಈ ಎಚ್ಚರಿಕೆಗೆ ಹೆಚ್ಚು ತೂಕ. ಆದ್ದರಿಂದ ಜಠರ ಮತ್ತು ದೊಡ್ಡಕರುಳಿನ ಪರೀಕ್ಷೆಯಲ್ಲಿ ಕಾರಣ ಸಿಗದಿದ್ದಾಗಷ್ಟೇ ಕ್ಯಾಪ್ಸೂಲ್‌ನ ಸರದಿ. ಅದು ತೋರಿಸಿಕೊಟ್ಟ ಜಾಗವನ್ನು ತಲುಪಿ ಚಿಕಿತ್ಸೆ ಮಾಡಲು ಇಂದು ಬಳಕೆಯಲ್ಲಿರುವ ಸಾಧನಗಳಲ್ಲೊಂದು ಜಪಾನಿನ ಹಿರೊನೊರಿ ಯಮಾಮೊಟೊ ರೂಪಿಸಿದ ಜೋಡಿ ಬಲೂನಿನ ಎಂಡೋಸ್ಕೋಪ್.