ನೌಕಾಯುದ್ಧದ ಮಣೆಯಾಟಗಳಲ್ಲಿ ನಕ್ಷೆಯ ಯಥಾರ್ಥತೆ: 'ಬಿಸ್ಮಾರ್ಕ್' ಪ್ರಸಂಗದ ಹಿನ್ನೆಲೆಯಲ್ಲಿ

ಚಾರಿತ್ರಿಕ ನೌಕಾಯುದ್ಧಗಳನ್ನು ಆಧರಿಸಿದ ಮಣೆಯಾಟಗಳ ನಕ್ಷೆಗಳನ್ನು ಸಾಮಾನ್ಯವಾಗಿ ಕರಾವಳಿಯ ರೇಖೆಗಳಿಂದ ಅಳೆಯಲಾಗುತ್ತದೆ. ಆದರೆ ಕಡಲ ಸಮರದಲ್ಲಿ ನಿರ್ಣಾಯಕವಾದುದು ತೀರದ ಆಕಾರವಲ್ಲ. ದೂರ, ದಿಕ್ಕು ಮತ್ತು ಕ್ರಮಿಸಲು ಬೇಕಾದ ಕಾಲ. ಜರ್ಮನಿಯ ಯುದ್ಧನೌಕೆ 'ಬಿಸ್ಮಾರ್ಕ್'ಗಾಗಿ ೧೯೪೧ರ ಮೇ ತಿಂಗಳಲ್ಲಿ ಬ್ರಿಟಿಷರು ನಡೆಸಿದ ಶೋಧ ಇದಕ್ಕೆ ಉತ್ತಮ ನಿದರ್ಶನ. ಅಮೆರಿಕದ ಅವಲಾನ್ ಹಿಲ್ ಸಂಸ್ಥೆ ೧೯೬೨ರಲ್ಲಿಯೇ ಈ ಪ್ರಸಂಗವನ್ನು ಮಣೆಯಾಟವಾಗಿ ಪ್ರಕಟಿಸಿತ್ತು.

ಗೋಳಾಕಾರದ ಭೂಮಿಯನ್ನು ಸಮತಲದ ಹಾಳೆಯ ಮೇಲೆ ತರುವಾಗ ವಿಕೃತಿ ಅನಿವಾರ್ಯ. ಮರ್ಕೇಟರ್ ಪ್ರಕ್ಷೇಪದಲ್ಲಿ ಸಮಭಾಜಕದಿಂದ ದೂರ ಸರಿದಂತೆ ಪ್ರಮಾಣ ಹಿಗ್ಗಿ, ೬೦ ಡಿಗ್ರಿ ಅಕ್ಷಾಂಶದಲ್ಲಿ ಎರಡು ಪಟ್ಟಾಗುತ್ತದೆ. ಇಂಥ ನಕ್ಷೆಯ ಮೇಲೆ ಸಮಾನ ಅಳತೆಯ ಷಟ್ಕೋನ ಮನೆಗಳನ್ನು ಹರಡಿದರೆ, ಸುಮಾರು ೬೬ ಡಿಗ್ರಿಯಲ್ಲಿರುವ ಡೆನ್ಮಾರ್ಕ್ ಜಲಸಂಧಿಯ ಒಂದು ಮನೆ, ೪೮ ಡಿಗ್ರಿಯಲ್ಲಿರುವ ಬ್ರೆಸ್ಟ್ ಬಂದರಿನ ಬಳಿಯ ಮನೆಯ ಶೇಕಡಾ ೬೦ರಷ್ಟು ದೂರವನ್ನು ಮಾತ್ರ ಸೂಚಿಸುತ್ತದೆ. ನಿಯಮವು ಎರಡೂ ಕಡೆ ಸಮಸಂಖ್ಯೆಯ ಮನೆಗಳ ಚಲನೆಯನ್ನು ವಿಧಿಸಿದರೆ ಉತ್ತರದ ನೌಕೆ ಅಕಾರಣವಾಗಿ ನಿಧಾನಗೊಳ್ಳುತ್ತದೆ. ಆಗ ಬೆನ್ನಟ್ಟುವವನಿಗೆ ಇತಿಹಾಸದಲ್ಲಿ ಇಲ್ಲದಿದ್ದ ಅವಕಾಶ ದೊರೆಯುತ್ತದೆ.

ಗಮನಾರ್ಹ ಸಂಗತಿಯೆಂದರೆ, ಪ್ರಕ್ಷೇಪದ ಸಮಸ್ಯೆ ಆ ಶೋಧದಲ್ಲಿಯೇ ತಲೆದೋರಿತ್ತು. ಮೇ ೨೪ರಂದು 'ಹುಡ್' ನೌಕೆಯನ್ನು ಮುಳುಗಿಸಿದ ಬಿಸ್ಮಾರ್ಕ್ ಮರುದಿನ ಕಣ್ಮರೆಯಾಯಿತು. ಅದರ ರೇಡಿಯೋ ಸಂಕೇತಗಳಿಂದ ದೊರೆತ ದಿಕ್ಕುಗಳನ್ನು ಅಡ್ಮಿರಲ್ ಟೋವಿಯ ಧ್ವಜನೌಕೆಯಲ್ಲಿ ತಪ್ಪಾಗಿ ಗುರುತಿಸಲಾಯಿತು. ಮಹಾವೃತ್ತದಲ್ಲಿ ಸಾಗುವ ಸಂಕೇತವನ್ನು ಸರಳರೇಖೆಯಾಗಿ ತೋರಿಸುವ ನೋಮಾನಿಕ್ ನಕ್ಷೆಯ ಬದಲು ಸಾಮಾನ್ಯ ನೌಕಾಯಾನದ ನಕ್ಷೆಯನ್ನು ಬಳಸಿದ್ದೇ ಇದಕ್ಕೆ ಕಾರಣವೆಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಬಿಸ್ಮಾರ್ಕ್ ಫ್ರಾನ್ಸಿನತ್ತ ಆಗ್ನೇಯಕ್ಕೆ ಸಾಗುತ್ತಿದ್ದಾಗ ಟೋವಿ ಕೆಲವು ಗಂಟೆಗಳ ಕಾಲ ಈಶಾನ್ಯಕ್ಕೆ ಧಾವಿಸಿದನು. ಮೇ ೨೬ರಂದು ಕ್ಯಾಟಲೀನಾ ವಿಮಾನವು ಬಿಸ್ಮಾರ್ಕನ್ನು ಕಂಡಿತು. ೨೭ರಂದು ಅದು ಮುಳುಗಿತು.

ಅವಲಾನ್ ಹಿಲ್ ೧೯೭೬ರಲ್ಲಿ ಹೊರತಂದ 'ವಾರ್ ಅಟ್ ಸೀ' ಬೇರೆ ಮಾರ್ಗವನ್ನು ಹಿಡಿಯಿತು. ಕಡಲನ್ನು ಕೆಲವೇ ವಿಶಾಲ ವಲಯಗಳಾಗಿ ವಿಂಗಡಿಸಿ, ಯಾವ ವಲಯ ಯಾವುದಕ್ಕೆ ಹೊಂದಿಕೊಂಡಿದೆ ಎಂಬುದನ್ನಷ್ಟೇ ಅದು ಉಳಿಸಿಕೊಂಡಿತು. ಒಂದು ಸರದಿಯು ತಿಂಗಳುಗಳನ್ನು ಪ್ರತಿನಿಧಿಸುವ ಆಟಕ್ಕೆ ಇಷ್ಟು ಸಾಕು. ಗಂಟೆಗಳ ಲೆಕ್ಕದ ಶೋಧಕ್ಕೆ ಸಾಲದು.

ಆದ್ದರಿಂದ ನಕ್ಷೆಯ ಯಥಾರ್ಥತೆಯನ್ನು ಆಟದ ಕಾಲಮಾನದಿಂದ ಬೇರ್ಪಡಿಸಿ ನಿರ್ಣಯಿಸಲಾಗದು. ಇದನ್ನು ಲಕ್ಷಿಸದೆ ಆಟದ ಫಲಿತಾಂಶದಿಂದ ಟೋವಿಯಂಥ ಸೇನಾನಿಯ ತೀರ್ಮಾನವನ್ನು ಅಳೆಯಹೊರಟರೆ, ಹಾಳೆಯ ದೋಷವನ್ನು ಮನುಷ್ಯನ ಮೇಲೆ ಹೊರಿಸಿದಂತಾಗುತ್ತದೆ.