ಒಬ್ಬ ಕಲಾವಿದ, ಎರಡು ಚಿತ್ರಗಳು

1947ರ ಸೆಪ್ಟೆಂಬರ್ ಸುಮಾರಿಗೆ ನ್ಯೂಯಾರ್ಕಿನ ಡೌನ್‌ಬೀಟ್ ಎಂಬ ಕ್ಲಬ್ಬಿನಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರವೊಂದಿದೆ. ಗಾಯಕಿ ಎಲಾ ಫಿಟ್ಜೆರಾಲ್ಡ್ ಹಾಡುತ್ತಿದ್ದಾರೆ. ಟ್ರಂಪೆಟ್ ವಾದಕ ಡಿಝ್ಝಿ ಗಿಲೆಸ್ಪಿ ಪಕ್ಕದಲ್ಲಿದ್ದು, ಮೈಮರೆತು ಆಕೆಯನ್ನೇ ನೋಡುತ್ತಿದ್ದಾರೆ. ಜಾಝ್ ಸಂಗೀತದ ಗಂಧಗಾಳಿ ಇಲ್ಲದವರಿಗೂ ಆ ನೋಟ ಅರ್ಥವಾಗುತ್ತದೆ.

ಚಿತ್ರ ತೆಗೆದವರು ವಿಲಿಯಂ ಗಾಟ್ಲೀಬ್. ಅವರು ಮೂಲತಃ ಛಾಯಾಗ್ರಾಹಕರಲ್ಲ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಜಾಝ್ ಕುರಿತು ಅಂಕಣ ಬರೆಯುತ್ತಿದ್ದವರು. ಅಂಕಣಕ್ಕಾಗಿ ಛಾಯಾಗ್ರಾಹಕನನ್ನು ಕಳುಹಿಸುವ ಖರ್ಚನ್ನು ಪತ್ರಿಕೆ ಭರಿಸದಿದ್ದಾಗ ತಾವೇ ಕ್ಯಾಮರಾ ಹಿಡಿದರು. ಅದು ಸ್ಪೀಡ್ ಗ್ರಾಫಿಕ್ ಎಂಬ ಭಾರವಾದ ಕ್ಯಾಮರಾ. ಫ್ಲಾಶ್ ಬಲ್ಬ್ ಒಮ್ಮೆ ಉರಿದರೆ ಮುಗಿಯಿತು, ಬಿಸಾಡಬೇಕು. ಫಿಲ್ಮೂ ದುಬಾರಿ. ಹಾಗಾಗಿ ಕಂಡಕಂಡಂತೆ ಕ್ಲಿಕ್ಕಿಸುವಂತಿರಲಿಲ್ಲ. ಸಂಗೀತವನ್ನು ಬಲ್ಲವನಿಗೆ ಮಾತ್ರ ಸರಿಯಾದ ಗಳಿಗೆ ಸಿಗುತ್ತಿತ್ತು. ಅಂದರೆ ಮೊದಲು ಕೇಳಬೇಕು, ಆಮೇಲೆ ನೋಡಬೇಕು.

ಆ ಕಾಲದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಜಾಹೀರಾತು, ವ್ಯಂಗ್ಯಚಿತ್ರ, ರಂಗಭೂಮಿಗಳಲ್ಲಿ ಕಪ್ಪು ಜನರ ಮುಖವೆಂದರೆ ನಗೆಪಾಟಲಿನ ವಸ್ತುವಾಗಿತ್ತು. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದ ಕಲಾವಿದನಿಗೆ ದಕ್ಷಿಣದ ರಾಜ್ಯಗಳ ಹೋಟೆಲುಗಳಲ್ಲಿ ಊಟ ಸಿಗುತ್ತಿರಲಿಲ್ಲ. ಗಾಟ್ಲೀಬ್, ಹರ್ಮನ್ ಲಿಯೊನಾರ್ಡ್ ಮೊದಲಾದವರ ಚಿತ್ರಗಳು, ಅದಕ್ಕೂ ಹಿಂದೆ ಹಾರ್ಲೆಮ್‌ನ ತನ್ನ ಸ್ಟುಡಿಯೋದಲ್ಲಿ ಜೇಮ್ಸ್ ವ್ಯಾನ್ ಡರ್ ಝೀ ತೆಗೆದ ಚಿತ್ರಗಳು, ಅದೇ ಜನರ ಮುಖದ ಘನತೆಯನ್ನು ಜಗತ್ತಿಗೆ ತೋರಿಸಿದವು.

ಅದೇ ದಶಕದಲ್ಲಿ ಹಲವು ಜಾಝ್ ಕಲಾವಿದರು ಇಸ್ಲಾಮ್ ಸ್ವೀಕರಿಸಿದರು. ಡ್ರಮ್ ವಾದಕ ಕೆನ್ನಿ ಕ್ಲಾರ್ಕ್ ಲಿಯಾಖತ್ ಅಲಿ ಸಲಾಮ್ ಆದರು. ಆರ್ಟ್ ಬ್ಲೇಕಿ ಅಬ್ದುಲ್ಲಾ ಇಬ್ನ್ ಬುಹೈನಾ ಆದರು. ಜನಾಂಗಭೇದದಿಂದ ನೊಂದವರಿಗೆ, ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುವ ಧರ್ಮ ಏಕೆ ಹತ್ತಿರವಾಯಿತೆಂದು ಊಹಿಸುವುದು ನಮಗೆ ಕಷ್ಟವಲ್ಲ. ಗಿಲೆಸ್ಪಿ ಮಾತ್ರ ಮುಸ್ಲಿಮರಾಗಿರಲಿಲ್ಲ. ಆದರೂ 1948ರ ಅಕ್ಟೋಬರ್‌ನಲ್ಲಿ ಲೈಫ್ ಪತ್ರಿಕೆ ‘ಬೀಬಾಪ್’ ಎಂಬ ಹೊಸ ಶೈಲಿಯ ಕುರಿತು ಪ್ರಕಟಿಸಿದ ಸಚಿತ್ರ ಲೇಖನದಲ್ಲಿ, ಅವರು ಮಕ್ಕಾದ ಕಡೆಗೆ ಬಾಗಿ ಪ್ರಾರ್ಥಿಸುತ್ತಿರುವಂತೆ ತೋರಿಸುವ ಚಿತ್ರವಿತ್ತು. ಓದುಗರ ಮೋಜಿಗಾಗಿ ಹೇಳಿ ಮಾಡಿಸಿದ ಭಂಗಿ ಅದು. 1979ರಲ್ಲಿ ಬಂದ ಆತ್ಮಕಥೆಯಲ್ಲಿ ಗಿಲೆಸ್ಪಿ ಇದನ್ನು ನೆನೆದು ನಾಚಿಕೆಪಟ್ಟಿದ್ದಾರೆ. ಧರ್ಮವೊಂದಕ್ಕೆ ತನ್ನಿಂದ ಅಪಚಾರ ಮಾಡಿಸಿದರೆಂದು ನೊಂದಿದ್ದಾರೆ.

ಒಂದೇ ಚಿತ್ರ ಇಬ್ಬರನ್ನು ಅವಮಾನಿಸಿತು. ಕಲಾವಿದನನ್ನು ವಿದೂಷಕನನ್ನಾಗಿಸಿತು, ನಮಾಝನ್ನು ವೇಷವಾಗಿಸಿತು. ಎರಡೂ ಚಿತ್ರಗಳಲ್ಲಿರುವುದು ಒಬ್ಬನೇ ಮನುಷ್ಯ. ನಡುವಿನ ಅಂತರ ಸುಮಾರು ಒಂದು ವರ್ಷ. ಆದರೆ ಒಬ್ಬರು ಕೇಳಲು ಬಂದಿದ್ದರು. ಇನ್ನೊಬ್ಬರು ಅಡಿಬರಹವನ್ನು ಮನಸ್ಸಿನಲ್ಲೇ ಬರೆದುಕೊಂಡು ಬಂದಿದ್ದರು.

ಈ ವ್ಯತ್ಯಾಸ ನಮಗೆ ಹೊಸತಲ್ಲ. ಟೊಪ್ಪಿ, ಗಡ್ಡ, ಬುರ್ಖಾಗಳ ಚಿತ್ರ ಯಾವ ಸುದ್ದಿಯ ಪಕ್ಕದಲ್ಲಿ ಅಚ್ಚಾಗುತ್ತದೆಂಬುದನ್ನು ನಾವೂ ಬಲ್ಲೆವು. ಹಾಗೆಂದು ಕ್ಯಾಮರಾವನ್ನು ದೂರಿ ಫಲವಿಲ್ಲ. ನಮ್ಮ ಹಾಡುಗಾರರು, ಕಸುಬುದಾರರು, ಅಜ್ಜಿಯರ ಮುಖಗಳನ್ನು ಪ್ರೀತಿಯಿಂದ ದಾಖಲಿಸುವ ಕೆಲಸವನ್ನು ನಾವೇ ಎಷ್ಟು ಮಾಡಿದ್ದೇವೆ?

ಗಾಟ್ಲೀಬ್ 2006ರಲ್ಲಿ ತೀರಿಕೊಂಡರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1995ರಲ್ಲಿ ಅವರ ಸಂಗ್ರಹವನ್ನು ಕೊಂಡಿತ್ತು. ಅವರ ಇಚ್ಛೆಯಂತೆ ಸುಮಾರು 1,600 ಚಿತ್ರಗಳು 2010ರಿಂದ ಸರ್ವರ ಸೊತ್ತಾಗಿವೆ. ಯಾರು ಬೇಕಾದರೂ ನೋಡಬಹುದು, ಅಚ್ಚು ಹಾಕಬಹುದು.